ಎಸೆಯಲು ಬಾರದ ಊರು

ಬೆಲೊವ್ನಿಕ್‌ನವರು ರಾತ್ರಿ ಗೋಡೆ ಗಡಿಯಾರ ನಿಲ್ಲಿಸಿ ಮಲಗುತ್ತಾರಂತೆ. ನಿದ್ದೆಯಲ್ಲಿ ಹೇಗೂ ಯಾರೂ ನೋಡುವುದಿಲ್ಲ, ಸುಮ್ಮನೆ ಮುಳ್ಳು ಸವೆಸುವುದೇಕೆ ಅಂತ. ರಾಜಧಾನಿ ಲ್ಯುಬ್ಲಿಯಾನದವರು ಹೀಗೆ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ. ಶುದ್ಧ ಸುಳ್ಳು. ದಿನಾ ನಿಲ್ಲಿಸಿ ದಿನಾ ಕೀಲಿ ಕೊಟ್ಟರೆ ಸ್ಪ್ರಿಂಗು ಬೇಗ ಹೋಗುತ್ತದೆಂದು ನಮ್ಮವರಿಗೆ ಗೊತ್ತಿಲ್ಲವೆ?

ಇಡೀ ಸ್ಲೊವೇನಿಯಾದಲ್ಲಿ ಜಿಪುಣರ ಮೇಲೆ ಒಂದು ನಗೆಮಾತು ಹುಟ್ಟಿದರೆ ಅದು ನೇರ ಬಂದು ಕೂರುವುದು ನಮ್ಮ ಗೊರೆನ್ಸ್ಕ ಸೀಮೆಯ ಹೆಗಲ ಮೇಲೆ. ಗೊರೆನ್ಸ್ಕದವರು ಅದನ್ನು ಕೊಡವಿ ಬೆಲೊವ್ನಿಕ್ ಕಡೆಗೆ ದಬ್ಬುತ್ತಾರೆ. ಬೆಲೊವ್ನಿಕ್‌ನ ಆಚೆ ಬರೀ ಬೆಟ್ಟ, ಬೆಟ್ಟದ ಆಚೆ ಆಸ್ಟ್ರಿಯಾ, ಹಾಗಾಗಿ ಅದು ಅಲ್ಲಿಯೇ ಉಳಿಯುತ್ತದೆ. ಸ್ತಾಂಕಾ ಪೊಗಾಚ್ನಿಕ್ ಇದನ್ನೆಲ್ಲ ಕೇಳುತ್ತಲೇ ಬೆಳೆದವಳು. ಆದರೂ ಆ ಅರ್ಜಿ ತುಂಬುವ ಹೊತ್ತಿನಲ್ಲಿ ತಾನು ಯಾವ ಊರಿನವಳು ಎಂಬುದೇ ಅವಳಿಗೆ ಮರೆತುಹೋಯಿತು.

ಅರ್ಜಿ ಬ್ರಸೆಲ್ಸ್‌ಗೆ ಹೋಗಬೇಕಾದದ್ದು. ಯುರೋಪಿನ ಐದು ಊರುಗಳು ಕೈಜೋಡಿಸಿ, ಜನ ಎಸೆಯುವ ಸಾಮಾನನ್ನು ಕಸದ ಗುಂಡಿಗೆ ಹೋಗದಂತೆ ತಡೆದು, ದುರಸ್ತಿ ಮಾಡಿ, ಬೇಕಾದವರಿಗೆ ಪುಕ್ಕಟೆಯಾಗಿ ದಾಟಿಸುವ ಯೋಜನೆ. ವಸ್ತು ಕೈಯಿಂದ ಕೈಗೆ ಸುತ್ತುತ್ತಲೇ ಇರಬೇಕು, ಎಲ್ಲೂ ಕಸವಾಗಿ ನಿಲ್ಲಬಾರದು. ಇದಕ್ಕೆ ಚಕ್ರೀಯ ಆರ್ಥಿಕತೆ ಎಂದು ದೊಡ್ಡ ಹೆಸರು. ಅರ್ಜಿಯ ಏಳನೆಯ ಪ್ರಶ್ನೆ: ಇನ್ನೂ ಬಳಕೆಗೆ ಬರುವಂಥ ಎಷ್ಟು ಸಾಮಾನು ನಿಮ್ಮೂರಿನಲ್ಲಿ ವರ್ಷಕ್ಕೆ ಕಸಕ್ಕೆ ಹೋಗುತ್ತದೆ? ಸ್ತಾಂಕಾಗೆ ಗೊತ್ತಿರಲಿಲ್ಲ. ಅವಳು ಯುರೋಪಿನ ಸರಾಸರಿ ಹುಡುಕಿದಳು, ಊರಿನ ಎರಡು ಸಾವಿರದ ನೂರ ನಲವತ್ತು ತಲೆಗಳಿಂದ ಗುಣಿಸಿದಳು, ಹದಿನಾಲ್ಕು ಟನ್ ಎಂದು ಬರೆದಳು. ಅದರಲ್ಲಿ ಹತ್ತು ಟನ್ನಾದರೂ ವರ್ಷದೊಳಗೆ ಉಳಿಸಿ ತೋರಿಸುತ್ತೇವೆ ಎಂದು ಮಾತೂ ಕೊಟ್ಟಳು. ಗುಣಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ತಲೆಗಳಲ್ಲಿ.

ಅರ್ಜಿ ಒಪ್ಪಿಗೆಯಾಯಿತು. ಮುಚ್ಚಿಹೋಗಿದ್ದ ಹಾಲಿನ ಡೇರಿಗೆ ಸುಣ್ಣ ಬಳಿದು ಮರುಬಳಕೆ ಕೇಂದ್ರ ಎಂಬ ಬೋರ್ಡು ಹಾಕಿದರು. ಸ್ತಾಂಕಾ ಅದರ ಮೇಲ್ವಿಚಾರಕಿ. ದುರಸ್ತಿಗೆ ಅಂತ ರಾದೊ ಬಂದ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ ಮುದುಕ, ಊರಿಗೆಲ್ಲ ಮಾವ. ಬಾಗಿಲು ತೆರೆದ ದಿನ ಜನ ಕಿಕ್ಕಿರಿದು ಬಂದರು. ಎಲ್ಲರ ಕೈಯಲ್ಲೂ ಖಾಲಿ ಚೀಲ. ಕೊಡಲು ಒಬ್ಬರೂ ಬಂದಿರಲಿಲ್ಲ, ಎಲ್ಲರೂ ಬಂದದ್ದು ಒಯ್ಯುವುದಕ್ಕೆ.

ಒಂಬತ್ತು ತಿಂಗಳಲ್ಲಿ ಕೇಂದ್ರಕ್ಕೆ ಬಂದ ಸಾಮಾನು ನಲವತ್ತೊಂದು ಕಿಲೊ. ಅದರಲ್ಲಿ ಮೂವತ್ತೆಂಟು ಕಿಲೊ ಒಂದೇ ಸೋಫಾ, ಅದನ್ನು ಕೊಟ್ಟವನು ವಾರಾಂತ್ಯಕ್ಕೆ ಬರುವ ಲ್ಯುಬ್ಲಿಯಾನದ ವಕೀಲ. ಅವನ ಕಾರು ತಿರುವು ದಾಟುವ ಮೊದಲೇ ಸೋಫಾದ ಬಟ್ಟೆ ಒಬ್ಬರ ಪಾಲಾಯಿತು, ಸ್ಪ್ರಿಂಗು ಇನ್ನೊಬ್ಬರ ಪಾಲಾಯಿತು, ಒಳಗಿನ ಸ್ಪಂಜನ್ನು ಜೇನು ಸಾಕುವವರು ಒಯ್ದರು. ಕೇಂದ್ರದಿಂದ ಹೊರಗೆ ಹೋದದ್ದು ಮಾತ್ರ ಅರವತ್ತು ಕಿಲೊ. ಯಾಕೆಂದರೆ ಸಾಮಾನು ಇಡಲು ತಂದಿದ್ದ ಮರದ ಕಪಾಟುಗಳನ್ನೂ ಯಾರೋ ಸಾಮಾನೆಂದುಕೊಂಡು ಹೊತ್ತುಕೊಂಡು ಹೋಗಿದ್ದರು.

"ಸ್ತಾಂಕಾ, ನಾನು ಇವತ್ತೇನು ರಿಪೇರಿ ಮಾಡ್ಲಮ್ಮ?" ಎಂದು ರಾದೊ ದಿನಾ ಬೆಳಿಗ್ಗೆ ಕೇಳುತ್ತಿದ್ದ.

"ನಿನ್ನೆ ಏನು ಮಾಡಿದ್ರಿ ಮಾವ?"

"ನಾನು ಕೂರೋ ಸ್ಟೂಲು."

"ಅದು ಕೆಟ್ಟಿತ್ತಾ?"

"ಇಲ್ಲ. ಮೊದಲು ಕೆಡಿಸಿದೆ."

ತಿಂಗಳಿಗೊಮ್ಮೆ ಐದು ಊರಿನವರೂ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಫಿನ್ಲೆಂಡಿನ ತಾಪಿಯೊ ಎಂಬವನು ಮೆಲ್ಲಗೆ, ಒಂದೊಂದೇ ಮಾತು ತೂಗಿಕೊಂಡು, ತಮ್ಮಲ್ಲಿ ಇಷ್ಟು ಟನ್ ಬಂತು ಎನ್ನುತ್ತಿದ್ದ. ಬೆಲ್ಜಿಯಮ್ಮಿನವರು ಅದರ ಎರಡರಷ್ಟು ಹೇಳುತ್ತಿದ್ದರು. ಸ್ತಾಂಕಾಳ ಸರದಿ ಬಂದಾಗ ಪ್ರತಿ ಸಲವೂ ಬೆಲೊವ್ನಿಕ್‌ನ ಇಂಟರ್ನೆಟ್ ಕೈಕೊಡುತ್ತಿತ್ತು. ಅದರ ತಂತಿ ಅವಳ ಕಾಲಬುಡದಲ್ಲೇ ಇತ್ತು.

ಅಕ್ಟೋಬರಿನಲ್ಲಿ ಕಾಗದ ಬಂತು. ನವೆಂಬರ್ ಹದಿನಾಲ್ಕಕ್ಕೆ ತಪಾಸಣೆ. ಅಧಿಕಾರಿ ಗ್ರೀತ್ ಎಂಬಾಕೆ ಬರುತ್ತಾರೆ, ಪಾಲುದಾರರ ಪರವಾಗಿ ತಾಪಿಯೊ ಬರುತ್ತಾನೆ. ಹತ್ತು ಟನ್ ಕಾಣದಿದ್ದರೆ ಡಿಸೆಂಬರ್ ಕೊನೆಗೆ ಬೆಲೊವ್ನಿಕ್ ಕೇಂದ್ರಕ್ಕೆ ಬೀಗ. ಕೇಂದ್ರದ ಜೊತೆಗೆ ಸ್ತಾಂಕಾಳ ಕೆಲಸಕ್ಕೂ.

ಅವಳಿಗೆ ಈ ಕೆಲಸ ಬೇಕಾಗಿತ್ತು. ಸುತ್ತಿ ಬಳಸಿ ಹೇಳುವುದೇಕೆ? ನಲವತ್ತಾರು ವಯಸ್ಸು. ಅದಕ್ಕೆ ಮುಂಚೆ ಹನ್ನೊಂದು ವರ್ಷ ಕ್ರಾನ್ಯ ಪಟ್ಟಣದ ಒಂದು ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಬೇಡ ಎನ್ನುವವರಿಗೆ ಹೊಸ ಫೋನು ಕೊಳ್ಳಿ ಕೊಳ್ಳಿ ಎಂದು ಗೋಗರೆದಿದ್ದಳು. ಈ ಕೆಲಸ ಹೋದರೆ ಇನ್ನುಳಿದದ್ದು ಒಂದೇ: ಬೆಟ್ಟದ ಸುರಂಗ ದಾಟಿ ಆಸ್ಟ್ರಿಯಾಕ್ಕೆ ಹೋಗಿ ಅಲ್ಲಿನ ದೊಡ್ಡ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚುವುದು, ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುವುದು. ಊರಿನ ಮಧ್ಯದಲ್ಲಿ, ಊರಿನವರ ನಡುವೆ, ಬಾಗಿಲು ತೆಗೆದು ಕೂರುವ ಕೆಲಸ ಅವಳಿಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು.

ಮನೆಯಿಂದಲೇ ಶುರುಮಾಡೋಣವೆಂದು ಅವಳು ತಾಯಿ ಇವಾಂಕಾಳ ಶೆಡ್ಡಿಗೆ ಹೋದಳು. ಎಂಬತ್ತರ ಇವಾಂಕಾ ಕಡ್ಡಿಯ ಹಾಗೆ ನೆಟ್ಟಗಿದ್ದಳು. ಶೆಡ್ಡಿನಲ್ಲಿ ಸೂರಿನವರೆಗೆ ಡಬ್ಬಿ. ಒಂದು ಸಾಲಿನ ಮೇಲೆ ಇವಾಂಕಾಳ ಅಂದವಾದ ಕೈಬರಹ: ಡಬ್ಬಿ ಇಲ್ಲದ ಮುಚ್ಚಳಗಳು. ಅದರ ಎದುರು ಸಾಲು: ಮುಚ್ಚಳ ಇಲ್ಲದ ಡಬ್ಬಿಗಳು. ಒಂದೂ ಇನ್ನೊಂದಕ್ಕೆ ಹೊಂದುವುದಿಲ್ಲ. ಅವಳು ಪ್ರತಿ ಚಳಿಗಾಲ ಪ್ರಯತ್ನಿಸಿ ನೋಡುತ್ತಾಳೆ.

"ಅಮ್ಮಾ, ಒಂದಾದ್ರೂ ಕೊಡಮ್ಮ. ಈ ಇಸ್ತ್ರಿ ಪೆಟ್ಟಿಗೆ ಕೊಡು. ಇದು ಕೆಟ್ಟು ಮೂವತ್ತು ವರ್ಷ ಆಯ್ತು."

"ಕೆಟ್ಟಿರೋದು ಅದರ ಬಿಸಿ ಕಣೇ. ಭಾರ ಕೆಟ್ಟಿದ್ಯಾ? ಎಲೆಕೋಸು ಉಪ್ಪಿಗೆ ಹಾಕಿ ಅದರ ಮೇಲೆ ಇಡೋಕೆ ನಿಮ್ಮ ಬ್ರಸೆಲ್ಸ್‌ನವರು ಬಂದು ಕೂರ್ತಾರಾ?"

"ಹಂಗಾದ್ರೆ ಈ ಮೂರು ಕಾಲಿನ ಕುರ್ಚಿ?"

"ಇರ್ಲಿ, ಬೇಕಾಗುತ್ತೆ."

"ಯಾವಾಗಮ್ಮ?"

"ಯಾವಾಗ ಅಂತ ಗೊತ್ತಿದ್ರೆ ಆವಾಗಲೇ ತಂದ್ಕೋತಿದ್ದೆ. ಗೊತ್ತಿಲ್ದೆ ಇರೋದಕ್ಕೇ ಇಟ್ಕೊಂಡಿರೋದು."

ಸ್ತಾಂಕಾ ಚರ್ಚಿನ ಪಾದ್ರಿಗಳ ಹತ್ತಿರ ಹೋಗಿ ಅಂಗಲಾಚಿದಳು. ಭಾನುವಾರದ ಪೂಜೆಯಲ್ಲಿ ಪಾದ್ರಿಗಳು ಲೋಕದ ವಸ್ತುಗಳ ಮೇಲಿನ ಮೋಹ ಬಿಡಿ, ಹಳೆಯದನ್ನು ಕೈಬಿಡಲು ಕಲಿಯಿರಿ ಎಂದು ಅರ್ಧ ಗಂಟೆ ಮನ ಕರಗುವಂತೆ ಮಾತಾಡಿದರು. ಜನರೂ ಕರಗಿದರು, ಆಮೆನ್ ಎಂದರು. ಹೊರಗೆ ಬರುವಾಗ ಬಾಗಿಲ ಮೂಲೆಯಲ್ಲಿ ಬಹಳ ದಿನದಿಂದ ಬಿದ್ದಿದ್ದ ಮುರುಕು ಛತ್ರಿಯನ್ನು ಯಾರೋ ಕೈಬಿಟ್ಟಿದ್ದಾರೆಂದು ತಿಳಿದು ಮೂವರು ಹಿಡಿದು ಎಳೆದಾಡಿದರು. ಅದು ಪಾದ್ರಿಗಳದ್ದೇ ಛತ್ರಿಯಾಗಿತ್ತು.

ಕೊನೆಗೆ ಮೇಯರ್ ವಿಂಕೊ ಅಗ್ನಿಶಾಮಕದವರ ಹಾಲಿನಲ್ಲಿ ಊರವರ ಸಭೆ ಕರೆದ. ನಮ್ಮಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಚುನಾವಣೆಯಾಗಲಿ ಎಲ್ಲವೂ ಆ ಹಾಲಿನಲ್ಲೇ. ಬೆಂಕಿ ಮಾತ್ರ ವರ್ಷಗಟ್ಟಲೆ ಬೀಳುವುದಿಲ್ಲ. ಕಡ್ಡಿ ಗೀರಲೂ ಜನ ಯೋಚಿಸುತ್ತಾರೆ. ವಿಂಕೊ ಮರದ ಮಿಲ್ಲಿನ ಯಜಮಾನ, ದೊಡ್ಡ ಗಂಟಲಿನ ಮನುಷ್ಯ.

"ಎಸೀರಿ ಅಂದ್ರೆ ನಿಮ್ಮ ಕೈಲಿ ಆಗಲ್ಲ. ಅದು ನನಗೂ ಗೊತ್ತು, ನನ್ನ ಕೈಲೂ ಆಗಲ್ಲ," ಎಂದ ವಿಂಕೊ. "ಎಸೀಬೇಡಿ. ಒಂದು ದಿನದ ಮಟ್ಟಿಗೆ ಕಡ ಕೊಡಿ. ಮ್ಯಾಡಂ ಬರ್ತಾರೆ, ನೋಡ್ತಾರೆ, ತೂಕ ಬರ್ಕೋತಾರೆ, ಹೋಗ್ತಾರೆ. ಸಂಜೆ ಗಂಟೆ ಹೊಡಿಯೋ ಹೊತ್ತಿಗೆ ನಿಮ್ಮ ನಿಮ್ಮ ಸಾಮಾನು ನಿಮ್ಮ ಮನೇಲಿರುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಮುರಿದ್ರೆ ಯಾರು ಜವಾಬ್ದಾರಿ?" ಎಂದು ಹಿಂದಿನಿಂದ ಒಂದು ಕೂಗು.

"ರಾದೊ ಇದ್ದಾನಲ್ಲ!"

"ಮುರೀಲಿ, ದಯವಿಟ್ಟು ಮುರೀಲಿ," ಎಂದ ರಾದೊ.

ಸ್ತಾಂಕಾಗೆ ಇದು ಹಿಡಿಸಲಿಲ್ಲ. ಇದು ಸುಳ್ಳು ಹೇಳಿದ ಹಾಗಲ್ಲವೇ ಎಂದು ವಿಂಕೊನನ್ನು ಪಕ್ಕಕ್ಕೆ ಕರೆದು ಕೇಳಿದಳು. "ಸುಳ್ಳೆಲ್ಲಿ ಬಂತು? ಸಾಮಾನು ಹಳೇದು, ಹೌದಾ? ಕಸದ ಗುಂಡಿಗೆ ಹೋಗಿಲ್ಲ, ಹೌದಾ? ತೂಕ ನಿಜ, ಹೌದಾ? ಇನ್ನೇನು ಬೇಕಮ್ಮ ನಿಂಗೆ?" ಎಂದ ಅವನು. ಆಸ್ಟ್ರಿಯಾದ ಪೆಟ್ಟಿಗೆಗಳು ಅವಳ ಕಣ್ಣ ಮುಂದೆ ಬಂದು ನಿಂತವು. ಅವಳು ಯಾರ ಮನೆಯಿಂದ ಏನು ಬರುತ್ತದೆಂದು ಪಟ್ಟಿ ಬರೆಯಲು ಕೂತಳು.

ಹದಿಮೂರನೇ ತಾರೀಕು ಬೆಳಗಿನಿಂದಲೇ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಹೊಲಿಗೆ ಯಂತ್ರ, ತೊಟ್ಟಿಲು, ಸೇಬಿನ ರಸ ಹಿಂಡುವ ಯಂತ್ರ, ಹಿಮದ ಮೇಲೆ ಜಾರುವ ಮರದ ಹಲಗೆ, ಮೂವತ್ತು ವರ್ಷ ಹಳೆಯ ತೊಳೆಯುವ ಮಷೀನುಗಳು. ಪ್ರತಿಯೊಂದರ ಅಡಿಯಲ್ಲೂ ಸೀಮೆಸುಣ್ಣದಲ್ಲಿ ಮನೆಹೆಸರು. ನಮ್ಮಲ್ಲಿ ಮನೆಗೊಂದು ಹೆಸರಿರುತ್ತದೆ: ಕಮ್ಮಾರರ ಮನೆ, ಬಾವಿ ಮನೆ, ಗಿರಣಿ ಮನೆ. ಕಮ್ಮಾರ ಸತ್ತು ನೂರು ವರ್ಷವಾಗಿ ಈಗ ಅಲ್ಲಿ ಹಲ್ಲಿನ ಡಾಕ್ಟರು ವಾಸವಿದ್ದರೂ ಅದು ಕಮ್ಮಾರರ ಮನೆಯೇ. ಹೆಸರನ್ನು ಕೂಡ ಎಸೆಯುವ ಜನವಲ್ಲ. ಡೇರಿಯ ಹಳೆಯ ತಕ್ಕಡಿಯ ಮೇಲೆ ಎಲ್ಲವನ್ನೂ ತೂಗಿದರು. ಹನ್ನೊಂದು ಟನ್, ಮುನ್ನೂರು ಕಿಲೊ. ಇವಾಂಕಾ ಎಲೆಕೋಸಿನ ಭರಣಿಯ ಮೇಲಿಂದ ಇಸ್ತ್ರಿ ಪೆಟ್ಟಿಗೆ ಎತ್ತಿ ತಂದು, ಒರೆಸಿ, ಮೇಜಿನ ಮೇಲಿಟ್ಟಳು. "ನಾಳೆ ಮಧ್ಯಾಹ್ನದ ತನಕ ಅಷ್ಟೇ. ಕೋಸು ಉಬ್ಬಿ ಮೇಲೆ ಬಂದ್ರೆ ನಿನ್ನ ಸುಮ್ನೆ ಬಿಡಲ್ಲ," ಎಂದಳು.

ಮರುದಿನ ಗ್ರೀತ್ ಬಂದರು. ಉದ್ದನೆಯ ಹೆಂಗಸು, ಕುತ್ತಿಗೆಯಲ್ಲಿ ಕನ್ನಡಕ, ಕಂಕುಳಲ್ಲಿ ಕಡತ. ಜೊತೆಗೆ ತಾಪಿಯೊ, ಕಂಪ್ಯೂಟರಿನಲ್ಲಿ ಕಂಡದ್ದಕ್ಕಿಂತ ಕುಳ್ಳ, ಇನ್ನಷ್ಟು ಮೌನಿ. ಇಬ್ಬರಿಗೂ ನಮ್ಮ ಭಾಷೆಯ ಒಂದಕ್ಷರ ಬಾರದು. ಸ್ತಾಂಕಾ ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡಬೇಕು, ಊರವರ ಮಾತು ತಿರುಗಿಸಿ ಹೇಳಬೇಕು.

ಯೋಜನೆಯ ಪ್ರಕಾರ ಊರವರು ಆ ದಿನ ತಮ್ಮ ತಮ್ಮ ಮನೆಯಲ್ಲಿರಬೇಕಿತ್ತು. ಆದರೆ ಸಾಮಾನು ಬೇರೆಡೆ ಇದ್ದು ತಾನು ಮನೆಯಲ್ಲಿ ಕೂರುವುದು ಬೆಲೊವ್ನಿಕ್‌ನವರಿಗೆ ಸಾಧ್ಯವೇ? ಗ್ರೀತ್ ಬಾಗಿಲು ದಾಟಿದಾಗ ಒಳಗೆ ನೂರಿಪ್ಪತ್ತು ಜನ. ಒಬ್ಬೊಬ್ಬರೂ ತಮ್ಮ ತಮ್ಮ ಸಾಮಾನಿಗೆ ಅಂಟಿಕೊಂಡು, ಗಿರಾಕಿಗಳಂತೆ ಮುಖ ಮಾಡಿಕೊಂಡು ನಿಂತಿದ್ದರು.

"ಎಷ್ಟು ಜನ! ನಮ್ಮೂರಲ್ಲಿ ದಿನಕ್ಕೆ ಹತ್ತು ಜನ ಬಂದ್ರೆ ಹಬ್ಬ," ಎಂದರು ಗ್ರೀತ್. ರಸಯಂತ್ರದ ಕಂಬವನ್ನು ತಬ್ಬಿ ನಿಂತಿದ್ದ ಮುದುಕನನ್ನು ತೋರಿಸಿ, "ಇವರು ಅದನ್ನ ತಗೊಂಡು ಹೋಗ್ತಾರಾ ಕೇಳಿ."

ಸ್ತಾಂಕಾ ಕೇಳಿದಳು.

"ತಗೊಂಡು ಹೋಗದೆ? ನಮ್ಮಪ್ಪನ ಯಂತ್ರ ಇದು! ಈ ಉದ್ದನೆ ಹೆಂಗಸು ಇದರ ಮೇಲೆ ಕಣ್ಣು ಹಾಕ್ತಿದ್ದಾಳಾ?"

"ತುಂಬಾ ಇಷ್ಟ ಆಗಿದೆಯಂತೆ," ಎಂದು ಸ್ತಾಂಕಾ ಗ್ರೀತ್‌ಗೆ ಹೇಳಿದಳು.

ಗ್ರೀತ್ ತಕ್ಕಡಿಯ ಚೀಟಿ ನೋಡಿ ಬರೆದುಕೊಂಡರು. ಅಕ್ರೋಟು ತುಂಬಿ ಸುತ್ತಿದ ಪೊತಿತ್ಸ ರೊಟ್ಟಿ ತಿಂದರು, ಇನ್ನೊಂದು ತುಂಡು ಕೇಳಿ ತಿಂದರು. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ಇನ್ನು ಹತ್ತೇ ನಿಮಿಷ, ವಿಂಕೊ ಹೊರಗೆ ಕಾರಿನ ಬಾಗಿಲು ತೆಗೆದು ಹಿಡಿದುಕೊಂಡಿದ್ದ. ಆಗ ಅಷ್ಟು ಹೊತ್ತೂ ತುಟಿ ಬಿಚ್ಚದ ತಾಪಿಯೊ ಮೇಜಿನ ಬಳಿ ನಿಂತು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡ.

"ನಮ್ಮಜ್ಜಿ ಹತ್ರ ಇಂಥದ್ದೇ ಇತ್ತು," ಎಂದ. ಅವನ ಕಣ್ಣು ಒದ್ದೆಯಾಗಿತ್ತು. "ಇದನ್ನ ನಾನು ತಗೊಂಡು ಹೋಗ್ಬಹುದಾ? ನಿಮ್ಮ ಕೇಂದ್ರದ ನೆನಪಿಗೆ. ಎಲ್ಲಿ ಸಹಿ ಮಾಡ್ಲಿ?"

ಸ್ತಾಂಕಾ ಬಾಯಿ ತೆರೆಯುವ ಮೊದಲೇ ಇವಾಂಕಾ ನುಗ್ಗಿದಳು. ಇಂಗ್ಲಿಷ್ ಬಾರದಿದ್ದರೇನು, ತನ್ನ ಸಾಮಾನು ಬೇರೆಯವರ ಕಂಕುಳಿಗೆ ಹೋಗುವುದು ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ. "ಇಡೋ ಕೆಳಗೆ! ಅಯ್ಯೋ ನನ್ನ ಕೋಸು!" ಎಂದು ಕಿರುಚಿ ಪೆಟ್ಟಿಗೆಯನ್ನು ಕಿತ್ತುಕೊಂಡು ಎದೆಗೊತ್ತಿಕೊಂಡು ಬಾಗಿಲ ಕಡೆ ಓಡಿದಳು.

ಅಷ್ಟೇ ಸಾಕಾಯಿತು. ವಿದೇಶಿಯರು ಸಾಮಾನು ಒಯ್ಯುತ್ತಿದ್ದಾರೆಂಬ ಸುದ್ದಿ ಡೇರಿಯ ಆ ತುದಿ ಮುಟ್ಟುವಷ್ಟರಲ್ಲಿ ನೂರಿಪ್ಪತ್ತು ಜನರೂ ಬಗ್ಗಿ ತಮ್ಮ ಗಂಟು ಎತ್ತಿದರು. ತೊಟ್ಟಿಲು ತಲೆ ಮೇಲೆ ಏರಿತು. ಇಬ್ಬರು ಅಣ್ಣತಮ್ಮಂದಿರು ತೊಳೆಯುವ ಮಷೀನನ್ನು ಹೆಣ ಹೊತ್ತಂತೆ ಹೊತ್ತು ನಡೆದರು. ಪಾದ್ರಿಗಳು ಒಂದು ಕೈಯಲ್ಲಿ ಮೇಣದಬತ್ತಿಯ ಸ್ಟ್ಯಾಂಡು, ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದು, ದಾರಿ ಬಿಡಿ ಮಕ್ಕಳೇ ದಾರಿ ಬಿಡಿ ಎಂದು ಎಲ್ಲರಿಗಿಂತ ಮುಂದೆ ಹೋದರು. ಗ್ರೀತ್ ಕೂತಿದ್ದ ಕುರ್ಚಿಯನ್ನು ಬಾವಿ ಮನೆಯಾಕೆ ಕ್ಷಮಿಸಿ ಕ್ಷಮಿಸಿ ಎನ್ನುತ್ತಲೇ ಕೆಳಗಿನಿಂದ ಎಳೆದುಕೊಂಡಳು.

ಹದಿನಾಲ್ಕು ನಿಮಿಷ. ಡೇರಿಯಲ್ಲಿ ಉಳಿದವರು ನಾಲ್ಕು ಜನ, ಒಂದು ತಕ್ಕಡಿ.

ಸ್ತಾಂಕಾ ತಲೆ ಮೇಲೆ ಕೈಹೊತ್ತು ನಿಂತಳು. ಗ್ರೀತ್ ಕನ್ನಡಕ ಏರಿಸಿ ಖಾಲಿ ನೆಲ ನೋಡಿದರು, ಗಡಿಯಾರ ನೋಡಿದರು. ಅವರ ಮುಖ ಕೆಂಪಗಾಗಿತ್ತು.

"ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ," ಎಂದರು. "ಬಂದ ಸಾಮಾನಿನಲ್ಲಿ ಅರ್ಧದಷ್ಟು ಒಂದು ವರ್ಷದೊಳಗೆ ಹೊಸ ಮನೆ ಸೇರಿದ್ರೆ ನಾವು ಶಹಬ್ಬಾಸ್ ಅಂತೀವಿ. ನೀವು ಹನ್ನೊಂದು ಟನ್ನನ್ನ ಕಾಲು ಗಂಟೇಲಿ ಸೇರಿಸಿಬಿಟ್ರಲ್ಲ! ಪೂರ್ತಿ! ಒಂದು ಮೊಳೆಯೂ ಉಳೀಲಿಲ್ಲ!"

ಗಲಾಟೆ ಕೇಳಿ ಬಾಗಿಲಿಗೆ ಓಡಿಬಂದಿದ್ದ ವಿಂಕೊ ಅರ್ಥವಾಗದಿದ್ದರೂ ಗ್ರೀತ್‌ರ ಮುಖ ನೋಡಿ ಅರಳಿದ. ಸ್ತಾಂಕಾಳ ಪಕ್ಕಕ್ಕೆ ಬಂದು ತೋಳು ಚಿವುಟಿ, "ಸುಮ್ನಿರು ತಾಯಿ, ದೇವರು ದೊಡ್ಡೋನು," ಎಂದು ಪಿಸುಗುಟ್ಟಿದ. ಸ್ತಾಂಕಾ ಸುಮ್ಮನಿದ್ದಳು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದಷ್ಟೇ ಅವಳು ಮಾಡಬೇಕಾಗಿದ್ದದ್ದು, ಅದೇನು ಕಷ್ಟದ ಕೆಲಸವಲ್ಲ.

ಗ್ರೀತ್ ಬರೆಯುತ್ತಲೇ ಇದ್ದರು. "ಇನ್ಮೇಲೆ ಎಲ್ಲಾ ಊರಿಗೂ ಬೆಲೊವ್ನಿಕ್ಕೇ ಅಳತೆಗೋಲು. ತಾಪಿಯೊ, ನಿಮ್ಮ ಮುಂದಿನ ವರ್ಷದ ಗುರಿಯನ್ನ ಇದರ ಪ್ರಕಾರ ತಿದ್ದಬೇಕಾಗುತ್ತೆ. ಇವರ ಕೈಲಿ ಆಗೋದು ನಿಮ್ಮ ಕೈಲಿ ಯಾಕಾಗಲ್ಲ?"

ತಾಪಿಯೊ ಬಿಳಿಚಿಕೊಂಡ. "ನಮ್ಮಲ್ಲಿ ಒಂದು ಸೋಫಾ ಹೋಗೋಕೆ ಮೂರು ತಿಂಗಳು ಬೇಕು," ಎಂದ. ಆಮೇಲೆ ಯಾರಿಗೂ ಅಲ್ಲ, ನೆಲಕ್ಕೆ ಹೇಳುವಂತೆ ಹೇಳಿದ: "ನಮ್ಮ ಕೇಂದ್ರದಲ್ಲಿ ಎಂಟು ಜನ ಕೆಲಸ ಮಾಡ್ತಾರೆ. ಬೇರೆ ಯಾರೂ ಕೆಲಸಕ್ಕೆ ತಗೊಳ್ದೆ ಇದ್ದೋರು. ಗುರಿ ಮುಟ್ಟದಿದ್ರೆ ಅವರನ್ನ ಬಿಡಿಸ್ಬೇಕು. ಹೋಗಿ ಏನಂತ ಹೇಳ್ಲಿ?"

ವಿಂಕೊನ ಬೆರಳುಗಳು ಇನ್ನೂ ಸ್ತಾಂಕಾಳ ತೋಳಿನ ಮೇಲಿದ್ದವು. ಅವಳು ಅವನ್ನು ಬಿಡಿಸಿದಳು.

"ಮ್ಯಾಡಂ, ಅದನ್ನ ಹೊಡೆದುಹಾಕಿ," ಎಂದಳು. "ಯಾವ ಸಾಮಾನೂ ಹೊಸ ಮನೆಗೆ ಹೋಗಿಲ್ಲ. ಅದದರ ಹಳೇ ಮನೆಗೇ ಹೋಗಿದೆ. ಎಲ್ಲಾ ಕಡ ತಂದಿದ್ದು. ಆ ಮುದುಕನ ಯಂತ್ರ ಆ ಮುದುಕಂದೇ. ಇಸ್ತ್ರಿ ಪೆಟ್ಟಿಗೆ ನಮ್ಮಮ್ಮಂದು."

"ಕಡ ಯಾಕೆ? ಜನ ಎಸೆದದ್ದು ಎಲ್ಲಿ?"

"ಇಲ್ಲಿ ಯಾರೂ ಏನೂ ಎಸೆಯಲ್ಲ ಮ್ಯಾಡಂ. ಒಂಬತ್ತು ತಿಂಗಳು ಬೇಡಿಕೊಂಡೆ. ಪಾದ್ರಿಗಳ ಕೈಲಿ ಹೇಳಿಸಿದೆ. ನಲವತ್ತೊಂದು ಕಿಲೊ ಬಂತು. ಹದಿನಾಲ್ಕು ಟನ್ ಅಂತ ಬರೆದದ್ದು ನಾನು. ಯುರೋಪಿನ ಲೆಕ್ಕ ಹಿಡಿದು ನಮ್ಮೂರನ್ನ ಅಳೆದೆ. ಹುಟ್ಟಿದ ಊರು ನನಗೇ ಗೊತ್ತಾಗ್ಲಿಲ್ಲ."

ಗ್ರೀತ್ ಕೂರಲು ಹೋದರು, ಕುರ್ಚಿಯಿರಲಿಲ್ಲ, ನೆಲದ ಮೇಲೇ ಕೂತರು. ತಾಪಿಯೊ ಸ್ತಾಂಕಾಳ ಕಡೆ ನೋಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ವಿಂಕೊ ಅವಳ ಮುಖದಿಂದಲೇ ಎಲ್ಲ ತಿಳಿದುಕೊಂಡು, "ಹೇಳೇಬಿಟ್ಯಾ? ಕೈಗೆ ಬಂದ ತುತ್ತು!" ಎಂದು ಹಣೆ ಚಚ್ಚಿಕೊಂಡ.

ಆ ಮಧ್ಯಾಹ್ನ ಗ್ರೀತ್ ಇವಾಂಕಾಳ ಶೆಡ್ಡು ನೋಡಬೇಕೆಂದರು. ಎರಡು ಗಂಟೆ ಹೊರಗೆ ಬರಲಿಲ್ಲ. ಬಂದಾಗ ಅವರ ಕೂದಲಿನಲ್ಲಿ ಜೇಡರ ಬಲೆ, ಕೈಯಲ್ಲಿ ಒಂದು ಮುಚ್ಚಳ. ಅದಕ್ಕೆ ಹೊಂದುವ ಡಬ್ಬಿಯೊಂದು ತಮ್ಮ ಮನೆಯಲ್ಲಿ ಇರಬಹುದೆಂದು ಇವಾಂಕಾಳನ್ನು ಕೇಳಿದ್ದರು. ಇವಾಂಕಾ ಬಹಳ ಯೋಚಿಸಿ, ಹೊಂದದಿದ್ದರೆ ಅಂಚೆಯಲ್ಲಿ ವಾಪಸ್ ಕಳಿಸಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದಳು.

"ನಾವು ಎಲ್ಲಿಗೆ ಹೋಗಿ ಮುಟ್ಟಬೇಕು ಅಂತಿದ್ವೋ ನೀವು ಅಲ್ಲೇ ಕೂತಿದ್ದೀರಿ," ಎಂದರು ಗ್ರೀತ್. ನಗುತ್ತಿರಲಿಲ್ಲ. "ಆದ್ರೆ ನನ್ನ ಫಾರಂನಲ್ಲಿ ಕಸದ ಬುಟ್ಟಿಯಿಂದ ಎಷ್ಟು ಎತ್ತಿದ್ರಿ ಅಂತ ಇದೆ. ಬುಟ್ಟಿಗೆ ಹಾಕ್ದೇ ಇದ್ದೋರಿಗೆ ಅಂತ ಒಂದು ಸಾಲೂ ಇಲ್ಲ. ಇದ್ದದ್ದು ಇದ್ದಹಾಗೆ ಬರೀತೀನಿ. ಅದರಿಂದ ನಿಮಗೆ ಒಳ್ಳೇದಾಗುತ್ತೆ ಅಂತ ಹೇಳಲಾರೆ."

ಒಳ್ಳೆಯದಾಗಲಿಲ್ಲ. ತಾಪಿಯೊನ ಗುರಿ ಹಳೆಯದೇ ಉಳಿಯಿತು. ಬೆಲೊವ್ನಿಕ್‌ಗೆ ಡಿಸೆಂಬರ್ ಎರಡನೇ ವಾರದಲ್ಲಿ ಕಾಗದ ಬಂತು: ತಮ್ಮ ಊರಿನಲ್ಲಿ ಸದರಿ ಸಮಸ್ಯೆಯು ಕಂಡುಬಾರದ ಕಾರಣ ಸದರಿ ಪರಿಹಾರವನ್ನು ಹಿಂತೆಗೆದುಕೊಳ್ಳಲಾಗಿದೆ. ಸ್ತಾಂಕಾ ಅದನ್ನು ನಾಲ್ಕು ಸಲ ಓದಿದಳು. ಬೈದಿದ್ದರೆ ವಾಪಸ್ ಬೈಯಬಹುದಿತ್ತು. ಇದು ಹೊಗಳಿ ಹೊರಗೆ ಹಾಕಿದಂತಿತ್ತು. ಅವಳು ಆಸ್ಟ್ರಿಯಾದ ಅಂಗಡಿಗೆ ಅರ್ಜಿ ಬರೆದಳು. ಅವರು ಮರುದಿನವೇ ಉತ್ತರಿಸಿದರು, ಜನವರಿ ಎರಡಕ್ಕೆ ಬನ್ನಿ, ಕೈಗವಸು ನೀವೇ ತನ್ನಿ.

ಡಿಸೆಂಬರ್ ಮೂವತ್ತರ ಮಧ್ಯಾಹ್ನ ಅವಳು ಡೇರಿಯ ನೆಲ ಒರೆಸುತ್ತಿದ್ದಾಗ ರಾದೊ ಬಂದು, ಅಗ್ನಿಶಾಮಕದವರ ಹಾಲಿಗೆ ಕರೆಯುತ್ತಿದ್ದಾರೆ ಎಂದ. ಬೀಗದ ಕೈ ಕೇಳುತ್ತಾರೆಂದುಕೊಂಡು ಅವಳು ಅದನ್ನು ಜೇಬಿಗೆ ಹಾಕಿಕೊಂಡು ಹೋದಳು. ಅಲ್ಲಿ ಊರಿನ ಅರ್ಧ ಜನ ಇದ್ದರು. ವಿಂಕೊ ಅವಳ ಮೇಲೆ ಇನ್ನೂ ಮುನಿಸಿಕೊಂಡವನಂತೆ ಮುಖ ಗಂಟಿಕ್ಕಿ ಕೂತಿದ್ದ.

ರಾದೊ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ಮೇಜಿನ ಮೇಲೆ ಹರಡಿದ. ಹಿಂಬದಿಯಲ್ಲಿ ಪೆನ್ಸಿಲಿನ ಗೆರೆ, ಚೌಕ, ಬಾಣ. ರೇಡಿಯೊದ ಒಳಗಿನ ನಕ್ಷೆಯಂತಿತ್ತು.

"ನೋಡು," ಎಂದು ಬೆರಳಿಟ್ಟ. "ಲೈಬ್ರರಿಯ ಲ್ಯುದ್ಮಿಲಾ ಮಂಡಿನೋವು ಅಂತ ವಾರಕ್ಕೆ ಹತ್ತು ಗಂಟೆ ಬಿಡ್ತಾಳೆ. ಆ ಕೆಲಸ, ಅದರ ಸಂಬಳ ನಿಂಗೆ, ಇಲ್ಲಿ. ಅಗ್ನಿಶಾಮಕದವರ ಕಾಗದಪತ್ರ ಆರು ಗಂಟೆ, ಅವರಿಗೆ ಬರೆಯೋಕೆ ಬರಲ್ಲ. ನೀರಿನ ಸಂಘ ಐದು. ಸ್ಮಶಾನದ ದಫ್ತರು ಎಂಟು. ಜೇನಿನವರು ನಾಲ್ಕು. ಶಾಲೆ ಬಸ್ಸಿನ ಪಟ್ಟಿ ಮೂರು. ಪಾದ್ರಿಗಳು ಎರಡು ಗಂಟೆ ಕೊಟ್ಟಿದ್ದಾರೆ, ಏನು ಕೆಲಸ ಅಂತ ಹೇಳಿಲ್ಲ. ಒಟ್ಟು ಮೂವತ್ತೆಂಟು."

"ಪೂರ್ತಿ ಕೆಲಸಕ್ಕೆ ನಲವತ್ತು ಬೇಕು," ಎಂದಳು ಸ್ತಾಂಕಾ.

"ಎರಡು ಕಡಿಮೆ ಇದೆ. ಸ್ವಲ್ಪ ಅಲ್ಲಾಡುತ್ತೆ. ಆದ್ರೆ ನಿಲ್ಲುತ್ತೆ."

ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. "ನಾನೇನು ಕೆಟ್ಟುಹೋದ ಮಷೀನಾ, ಅಲ್ಲೊಂದು ಇಲ್ಲೊಂದು ಬಿಡಿಭಾಗ ತಂದು ಜೋಡ್ಸೋಕೆ? ಬ್ರಸೆಲ್ಸ್‌ನವರ ಮುಂದೆ ನಿಮ್ಮ ಮಾನ ಕಳೆದವಳು ನಾನು!"

"ಕಳೆದೆ. ಅದಕ್ಕೆ ಇನ್ನೂ ಒಂದು ವರ್ಷ ಬೈತೀನಿ," ಎಂದ ವಿಂಕೊ. "ಅದಕ್ಕೂ ನೀನು ಇಲ್ಲೇ ಇರ್ಬೇಕು ತಾನೆ? ನೆಟ್ಟಗೆ ನಡೀತಿರೋ ಹೆಂಗಸನ್ನ ಎತ್ತಿ ಆಸ್ಟ್ರಿಯಾಕ್ಕೆ ಎಸೀತೀವಿ ಅಂದ್ಕೊಂಡ್ಯಾ? ನಾವು ಯಾರು ಅಂತ ಇನ್ನೂ ಗೊತ್ತಾಗ್ಲಿಲ್ವಾ ನಿಂಗೆ?"

ಹಿಂದಿನಿಂದ ಯಾರೋ ನಕ್ಕರು. ಸ್ತಾಂಕಾ ತೋಳಿನಿಂದ ಮೂಗು ಒರೆಸಿಕೊಂಡು, ಕ್ಯಾಲೆಂಡರಿನ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಸೋಮವಾರದ ಚೌಕದ ಮೇಲೆ ಬೆರಳಿಟ್ಟು ಕೇಳಿದಳು:

"ಇದೇನಿದು, ಕಾಣ್ತಿಲ್ಲ. ಸೋಮವಾರ ಎಲ್ಲಿಗೆ ಬರ್ಲಿ?"

"ಸ್ಮಶಾನಕ್ಕೆ," ಎಂದ ರಾದೊ. "ಬೆಳಿಗ್ಗೆ ಏಳಕ್ಕೆ. ತಡ ಮಾಡ್ಬೇಡ."